ಮಡಿಕೇರಿಯಲ್ಲಿ ಪ್ರೈಡ್ ನಡಿಗೆ: ಅನುಮತಿ, ನಿಷೇಧಾಜ್ಞೆ, ಹೊಸ ಮಸೂದೆಗಳ ಬಗ್ಗೆ ತಿಳಿದವರು ಹೇಳಿ

ಕಾಫಿಹೂ_ಮಡಿಕೇರಿ:

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಲ್ಲಿ ಲೈಂಗಿಕ ಅಲ್ಪಸಂಖ್ಯಾತರು, ಅವರ ಮನೆಯವರು, ಸ್ನೇಹಿತರು ಸೇರಿ ಒಂದು ಸಣ್ಣ ನಡಿಗೆ ಮಾಡುವ ಯೋಚನೆ ಇದೆ. 60-70 ಜನ, ಅದಕ್ಕಿಂತ ಹೆಚ್ಚಿಲ್ಲ. ಗಾಂಧಿ ಮೈದಾನದಲ್ಲಿ ಸೇರಿ ಜನರಲ್ ತಿಮ್ಮಯ್ಯ ವೃತ್ತದವರೆಗೆ ನಡೆಯುವುದು, ಆಮೇಲೆ ಯಾವುದಾದರೂ ಸಭಾಂಗಣದಲ್ಲಿ ಎರಡು ಗಂಟೆ ಚರ್ಚೆ. ಹಂಗೇರಿ, ಜಾರ್ಜಿಯಾ ದೇಶಗಳಲ್ಲಿ ಇಂಥ ನಡಿಗೆಗಳನ್ನೇ ತಡೆಯುವ ಕಾನೂನು ಬಂದಿದೆಯಲ್ಲ, ಚರ್ಚೆ ಅದರ ಮೇಲೆ.

ಕೇಳಬೇಕಾದದ್ದು ಇಷ್ಟು. ಅಂಥ ಕಾನೂನು ನಮ್ಮಲ್ಲಿ ಬರಬಹುದೇ, ಬಂದರೆ ದೆಹಲಿಯಿಂದಲೋ ಬೆಂಗಳೂರಿನಿಂದಲೋ? ನಡಿಗೆಗೆ ಅನುಮತಿ ಯಾರ ಹತ್ತಿರ ಕೇಳಬೇಕು? ಪ್ರತಿಭಟನೆ, ಮೆರವಣಿಗೆ ಎಲ್ಲ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮಾತ್ರ ಎಂಬ ನಿಯಮ ಇಲ್ಲಿಗೂ ಅನ್ವಯಿಸುತ್ತದೆ ಎಂದು ಒಬ್ಬರು ಹೇಳಿದರು, ನಿಜವೇ? ಕೊನೆ ಗಳಿಗೆಯಲ್ಲಿ 144 ಹಾಕಿಬಿಟ್ಟರೆ ಏನು ದಾರಿ? ಟಿಪ್ಪು ಜಯಂತಿ ಹೊತ್ತಿನಲ್ಲಿ ಕೊಡಗು ಅದನ್ನು ಎಷ್ಟು ಸಲ ಕಂಡಿದೆ ಎಂದು ಎಲ್ಲರಿಗೂ ಗೊತ್ತು. ಕೊನೆಯದಾಗಿ, ಬರುವವರಲ್ಲಿ ಅರ್ಧ ಜನ ಮನೆಯಲ್ಲಿ ಇನ್ನೂ ಹೇಳಿಕೊಂಡಿಲ್ಲ. ಅವರ ಹೆಸರು ಪೊಲೀಸರಿಗೆ ಕೊಡಲೇಬೇಕೇ?

ವಕೀಲೆ_ವಿರಾಜಪೇಟೆ:

ಫ್ರೀಡಂ ಪಾರ್ಕಿನ ವಿಷಯ ಮೊದಲು ಮುಗಿಸುತ್ತೇನೆ, ಅದು ಸುಲಭ. ಅದು 2021ರಲ್ಲಿ ಬೆಂಗಳೂರು ನಗರಕ್ಕೆಂದೇ ಹೊರಡಿಸಿದ ಆದೇಶ. ನಮ್ಮ ಜಿಲ್ಲೆಗೆ ಅನ್ವಯಿಸುವುದಿಲ್ಲ. ಇಲ್ಲಿ ಪೊಲೀಸ್ ಕಮಿಷನರೇಟ್ ಇಲ್ಲ. ಹಾಗಾಗಿ ನಿಷೇಧಾಜ್ಞೆ ಹೊರಡಿಸುವ ಅಧಿಕಾರ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ, ತಹಶೀಲ್ದಾರರಂಥ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಕೈಯಲ್ಲಿದೆ. ಬಂದೋಬಸ್ತು ಎಸ್ಪಿಯವರ ಕೆಲಸ. ಈ ಎರಡನ್ನು ಬೆರೆಸಿಕೊಂಡರೆ ಅರ್ಜಿ ಮೇಜಿನಿಂದ ಮೇಜಿಗೆ ಸುತ್ತುತ್ತಾ ತಾರೀಖು ದಾಟಿಹೋಗುತ್ತದೆ.

ಈಗ ಮುಖ್ಯ ವಿಷಯ. ಸಂವಿಧಾನದ 19(1)(ಬಿ) ವಿಧಿ ಆಯುಧವಿಲ್ಲದೆ, ಶಾಂತಿಯಿಂದ ಸಭೆ ಸೇರುವ ಹಕ್ಕು ಕೊಡುತ್ತದೆ. ಈ ಹಕ್ಕಿಗೆ ಯಾವ ಕಾರಣಕ್ಕೆ ಮಿತಿ ಹಾಕಬಹುದು ಎಂಬುದು 19(3)ರಲ್ಲಿದೆ. ಅಲ್ಲಿರುವುದು ಎರಡೇ ಕಾರಣ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ ಒಂದು, ಸಾರ್ವಜನಿಕ ಸುವ್ಯವಸ್ಥೆ ಇನ್ನೊಂದು. ಮಾತು-ಬರಹಕ್ಕೆ ಸಂಬಂಧಿಸಿದ 19(2)ರಲ್ಲಿ "ಸಭ್ಯತೆ ಅಥವಾ ನೈತಿಕತೆ" ಎಂಬ ಕಾರಣ ಇದೆ, 19(3)ರಲ್ಲಿ ಅದು ಇಲ್ಲ. ನನ್ನ ಪ್ರಕಾರ ನಿಮ್ಮ ಇಡೀ ಪ್ರಶ್ನೆಗೆ ಇದೇ ಕೀಲಿಕೈ. "ನಮ್ಮ ಊರಿನ ಸಂಸ್ಕೃತಿಗೆ ಒಗ್ಗುವುದಿಲ್ಲ", "ಮಕ್ಕಳು ನೋಡುತ್ತಾರೆ" ಎಂಬ ಕಾರಣ ಕೊಟ್ಟು ನಡಿಗೆ ತಡೆದರೆ ಅದು 19(3)ರ ಒಳಗೆ ಬರುವುದಿಲ್ಲ. ಆದರೆ ಎಚ್ಚರ: ನಿಮ್ಮ ಭಿತ್ತಿಪತ್ರ, ಹಾಡು, ಘೋಷಣೆ 19(2)ರ ಕೆಳಗೆ ಬರುತ್ತವೆ. ಅಶ್ಲೀಲ ಕೃತ್ಯ, ಹಾಡು ಎಂದು ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಂ ಹಾಕುವ ಅವಕಾಶ ಅಲ್ಲಿ ಹುಟ್ಟುತ್ತದೆ. ಪಠ್ಯವನ್ನು ಮೊದಲೇ ಕೂತು ಓದಿ, ತೂಗಿ, ಬರೆಸಿ.

"ಸಾರ್ವಜನಿಕ ಸುವ್ಯವಸ್ಥೆ" ಎಂದರೂ ಅದು ರಬ್ಬರಿನಂತೆ ಎಳೆಯುವ ಪದವಲ್ಲ. ರಾಮ ಮನೋಹರ ಲೋಹಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದರೊಳಗೊಂದು ಇರುವ ಮೂರು ವೃತ್ತಗಳನ್ನು ಕಲ್ಪಿಸಿಕೊಳ್ಳಿ ಎಂದಿತು: ಹೊರಗಿನದು ಕಾನೂನು-ಸುವ್ಯವಸ್ಥೆ, ಅದರೊಳಗೆ ಸಾರ್ವಜನಿಕ ಸುವ್ಯವಸ್ಥೆ, ಎಲ್ಲಕ್ಕೂ ಒಳಗೆ ರಾಜ್ಯದ ಭದ್ರತೆ. ದಾರಿಯಲ್ಲಿ ಯಾರೋ ನಾಲ್ವರು ಕೂಗಾಡಿದರೆ ಅದು ಮೊದಲನೆಯ ವೃತ್ತದ ವಿಷಯ, ಅಷ್ಟಕ್ಕೆ ಸಭೆ ನಿಷೇಧಿಸುವಂತಿಲ್ಲ. ವಿರೋಧಿಗಳು ಗಲಾಟೆ ಮಾಡುತ್ತಾರೆ ಎಂಬ ಬೆದರಿಕೆಗೆ ಸರ್ಕಾರ ಮಣಿಯುವುದು ಬ್ಲ್ಯಾಕ್‌ಮೇಲ್‌ಗೆ ಶರಣಾದಂತೆ ಎಂದು ರಂಗರಾಜನ್ ಪ್ರಕರಣದಲ್ಲಿ 1989ರಲ್ಲೇ ಹೇಳಲಾಗಿದೆ. ರಕ್ಷಣೆ ಕೊಡುವುದು ಪೊಲೀಸರ ಹೊಣೆ. ಅರ್ಜಿಯಲ್ಲಿ ಇದನ್ನು ವಿನಯದಿಂದಲೇ, ಒಂದು ಸಾಲಿನಲ್ಲಿ ಬರೆಯಿರಿ.

ಅನುಮತಿಯ ಬಗ್ಗೆ: ಹಿಮ್ಮತ್‌ಲಾಲ್ ಷಾ ಪ್ರಕರಣದಲ್ಲಿ 1972ರಲ್ಲಿ ಸಂವಿಧಾನ ಪೀಠ ಹೇಳಿದ್ದು, ಸರ್ಕಾರ ಸಭೆಯನ್ನು ನಿಯಂತ್ರಿಸಬಹುದು, ಆದರೆ ಯಾವ ಮಾರ್ಗಸೂಚಿಯೂ ಇಲ್ಲದೆ ಮನಸ್ಸಿಗೆ ಬಂದಂತೆ ನಿರಾಕರಿಸುವ ಅಧಿಕಾರವನ್ನು ಅಧಿಕಾರಿಗೆ ಕೊಡುವಂತಿಲ್ಲ. ಕರ್ನಾಟಕ ಪೊಲೀಸ್ ಕಾಯ್ದೆ 1963ರ 31ನೇ ಕಲಂ ಪ್ರಕಾರ ಸಂಚಾರ, ಸಭೆ, ಮೆರವಣಿಗೆಗೆ ನಿಯಮ ಮಾಡಬಹುದು. ಆ ನಿಯಮ ಬೇರೆ, "ಬೇಡ" ಎನ್ನುವುದು ಬೇರೆ.

ಬೆಂಗಳೂರೋ ದೆಹಲಿಯೋ ಎಂದು ಕೇಳಿದಿರಿ. ಸಾರ್ವಜನಿಕ ಸುವ್ಯವಸ್ಥೆ ರಾಜ್ಯ ಪಟ್ಟಿಯ ಮೊದಲನೇ ವಿಷಯ, ಪೊಲೀಸ್ ಎರಡನೆಯದು. ಹಾಗಾಗಿ ಸಭೆ-ಮೆರವಣಿಗೆ ಬಿಗಿ ಮಾಡುವ ಮಸೂದೆ ವಿಧಾನಸೌಧದಿಂದಲೇ ಬರಬಹುದು. ಅಪರಾಧ ಕಾನೂನು ಸಮವರ್ತಿ ಪಟ್ಟಿಯಲ್ಲಿದೆ, ಅಲ್ಲಿ ಸಂಸತ್ತಿನ ಮಾತು ಮೇಲು. ಯಾರೇ ಮಾಡಲಿ, 13(2)ನೇ ವಿಧಿಯಂತೆ ಮೂಲಭೂತ ಹಕ್ಕು ಕಿತ್ತುಕೊಳ್ಳುವ ಕಾನೂನು ಆ ಮಟ್ಟಿಗೆ ಅಸಿಂಧು. 2018ರ ಸೆಪ್ಟೆಂಬರ್ 6ರ ನವತೇಜ್ ಸಿಂಗ್ ಜೋಹರ್ ತೀರ್ಪು ಹಳೆಯ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನಿಂದ ವಯಸ್ಕರ ಪರಸ್ಪರ ಸಮ್ಮತಿಯ ಸಂಬಂಧವನ್ನು ಹೊರಗಿಟ್ಟಿತು, ಸಾಮಾಜಿಕ ನೈತಿಕತೆಗಿಂತ ಸಾಂವಿಧಾನಿಕ ನೈತಿಕತೆ ದೊಡ್ಡದು ಎಂದಿತು. ಹೊಸ ನ್ಯಾಯ ಸಂಹಿತೆಯಲ್ಲಿ 377ಕ್ಕೆ ಸಮನಾದ ಕಲಮೇ ಇಲ್ಲ. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಮದುವೆಯ ಹಕ್ಕು ಸಿಗಲಿಲ್ಲ, ಅದು ನಿಜ. ಆದರೆ ಸೇರುವ, ಮಾತಾಡುವ ಹಕ್ಕನ್ನು ಆ ತೀರ್ಪು ಮುಟ್ಟಿಲ್ಲ. ಈ ಎರಡನ್ನು ಗೊಂದಲ ಮಾಡಿಕೊಂಡು "ಕೋರ್ಟೇ ಬೇಡ ಎಂದಿದೆ" ಎನ್ನುವವರು ಸಿಗುತ್ತಾರೆ, ತಾರೀಖು ಸಮೇತ ಉತ್ತರ ಇಟ್ಟುಕೊಳ್ಳಿ.

144 ಈಗ ಇಲ್ಲ. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ. ಆದೇಶ ಎರಡು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ, ಅದರಾಚೆ ಬೇಕಾದರೆ ರಾಜ್ಯ ಸರ್ಕಾರ ಇನ್ನು ಗರಿಷ್ಠ ಆರು ತಿಂಗಳು ವಿಸ್ತರಿಸಬೇಕು. 2020ರ ಅನುರಾಧಾ ಭಾಸಿನ್ ತೀರ್ಪಿನ ಪ್ರಕಾರ ಆದೇಶವನ್ನು ಪ್ರಕಟಿಸಲೇಬೇಕು, ಅದರಲ್ಲಿ ವಸ್ತುಸ್ಥಿತಿಯ ಕಾರಣ ಇರಬೇಕು, ನ್ಯಾಯಬದ್ಧ ಅಭಿಪ್ರಾಯವನ್ನು ಅಡಗಿಸಲು ಅದನ್ನು ಬಳಸುವಂತಿಲ್ಲ. 2019ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಾಕಿದ್ದ 144 ಆದೇಶ ಕಾನೂನುಬದ್ಧವಲ್ಲ ಎಂದು ನಮ್ಮ ಹೈಕೋರ್ಟೇ 2020ರ ಫೆಬ್ರವರಿಯಲ್ಲಿ ಹೇಳಿದೆ. ಈ ಕೊನೆಯದನ್ನು ಜೊತೆಯಲ್ಲಿಟ್ಟುಕೊಳ್ಳಿ, ಅಧಿಕಾರಿಗಳಿಗೆ ನಮ್ಮದೇ ಹೈಕೋರ್ಟಿನ ತೀರ್ಪು ಬೇಗ ತಲುಪುತ್ತದೆ.

ಓದುಗ_ಸೋಮವಾರಪೇಟೆ:

ವಕೀಲೆ ಮೇಡಂ ಹೇಳಿದ 19(3)ರ ಮಾತನ್ನು ಹಂಗೇರಿಯ ಪಕ್ಕದಲ್ಲಿಟ್ಟು ನೋಡಿದರೆ ಚರ್ಚೆಗೆ ಒಳ್ಳೆಯ ವಿಷಯ ಸಿಗುತ್ತದೆ.

ಹಂಗೇರಿಯಲ್ಲಿ ಎಲ್ಲವೂ ಒಂದೇ ದಿನ ಆಗಲಿಲ್ಲ. ಮೊದಲು 2021ರಲ್ಲಿ ಮಕ್ಕಳ ರಕ್ಷಣೆಯ ಹೆಸರಿನಲ್ಲಿ, 18 ತುಂಬದವರಿಗೆ ಸಲಿಂಗ ಸಂಬಂಧದ ವಿಷಯ ತೋರಿಸುವುದನ್ನು, "ಪ್ರಚಾರ" ಮಾಡುವುದನ್ನು ನಿಷೇಧಿಸಿದರು. ನಾಲ್ಕು ವರ್ಷ ಬಿಟ್ಟು, 2025ರ ಮಾರ್ಚ್ 18ರಂದು, ಸಭೆ ಸೇರುವ ಕಾನೂನಿಗೆ ತಿದ್ದುಪಡಿ ತಂದು, ಆ 2021ರ ಕಾನೂನಿಗೆ ವಿರುದ್ಧವಾದ ಸಭೆ ನಿಷಿದ್ಧ ಎಂದರು. 136 ಮತ ಪರ, 27 ವಿರೋಧ. ಭಾಗವಹಿಸಿದವರಿಗೂ 2 ಲಕ್ಷ ಫೋರಿಂಟ್‌ವರೆಗೆ ದಂಡ, ಗುರುತು ಹಿಡಿಯಲು ಮುಖ ಗುರುತಿಸುವ ಕ್ಯಾಮೆರಾ ತಂತ್ರಾಂಶ ಬಳಸಲು ಅವಕಾಶ. ಏಪ್ರಿಲ್ 14ಕ್ಕೆ ಸಂವಿಧಾನಕ್ಕೇ ತಿದ್ದುಪಡಿ ತಂದು, ಜೀವಿಸುವ ಹಕ್ಕೊಂದನ್ನು ಬಿಟ್ಟು ಉಳಿದೆಲ್ಲ ಹಕ್ಕಿಗಿಂತ ಮಕ್ಕಳ ಹಕ್ಕು ಮೇಲು ಎಂದು ಸೇರಿಸಿದರು. ಹೀಗೆ ಬುನಾದಿ, ಗೋಡೆ, ಮಾಡು ಮೂರೂ ಆದವು. ಪೊಲೀಸರು ನಿಷೇಧಿಸಿದರೂ ಬುಡಾಪೆಸ್ಟಿನ ಮೇಯರ್ ಅದನ್ನು ನಗರಾಡಳಿತದ ಕಾರ್ಯಕ್ರಮ ಎಂದು ಘೋಷಿಸಿದರು. ಜೂನ್ 28ರಂದು ಲಕ್ಷಕ್ಕೂ ಹೆಚ್ಚು ಜನ ನಡೆದರು. ಭಾಗವಹಿಸಿದವರ ಮೇಲೆ ಕ್ರಮ ಇಲ್ಲ ಎಂದು ಪೊಲೀಸರು ಆಮೇಲೆ ಹೇಳಿದರು.

ನಮ್ಮಲ್ಲಿ ಆ ಮೂರನೆಯ ಹೆಜ್ಜೆ ಕಷ್ಟ, ಸಂವಿಧಾನದ ಮೂಲ ರಚನೆಯನ್ನು ತಿದ್ದುಪಡಿಯಿಂದಲೂ ಕೆಡಿಸುವಂತಿಲ್ಲ ಎಂದ ಕೇಶವಾನಂದ ಭಾರತಿ ತೀರ್ಪು 1973ರಿಂದ ಅಡ್ಡ ನಿಂತಿದೆ. ಮೊದಲ ಎರಡು ಹೆಜ್ಜೆ ಅಷ್ಟು ಕಷ್ಟವಲ್ಲ, ಅದಕ್ಕೇ ಕಣ್ಣಿಡಬೇಕು.

ಜಾರ್ಜಿಯಾದ್ದು 2024ರ ಸೆಪ್ಟೆಂಬರಿನ "ಕುಟುಂಬ ಮೌಲ್ಯ" ಕಾನೂನು. ಸಲಿಂಗ ಸಂಬಂಧವನ್ನು "ಜನಪ್ರಿಯಗೊಳಿಸುವ" ಸಭೆ ಕೂಡದು ಎನ್ನುತ್ತದೆ. ರಷ್ಯಾದಲ್ಲಿ 2013ರಲ್ಲಿ "ಪ್ರಚಾರ" ನಿಷೇಧದಿಂದ ಶುರುವಾಗಿದ್ದು 2023ರ ನವೆಂಬರ್ 30ಕ್ಕೆ ಇಡೀ ಚಳವಳಿಯನ್ನೇ ತೀವ್ರಗಾಮಿ ಎನ್ನುವಲ್ಲಿಗೆ ಮುಟ್ಟಿತು. ಮೂರೂ ಕಡೆ ಒಂದೇ ರೀತಿಯ ಪದ: ಪ್ರಚಾರ, ಪ್ರದರ್ಶನ, ಜನಪ್ರಿಯಗೊಳಿಸುವುದು. ಅರ್ಥ ಎಲ್ಲಿ ನಿಲ್ಲುತ್ತದೆ ಎಂದು ಕಾನೂನು ಹೇಳುವುದಿಲ್ಲ, ಹೇಳುವವನು ಅಧಿಕಾರಿ.

ಆದ್ದರಿಂದ ಯಾವುದೇ ಮಸೂದೆ ಕೈಗೆ ಸಿಕ್ಕರೆ ಉದ್ದೇಶದ ಹೇಳಿಕೆಯನ್ನು ಬಿಟ್ಟು ಪರಿಭಾಷೆಯ ಕಲಮಿಗೆ ಹೋಗಿ. ಆಮೇಲೆ ದಂಡ ಆಯೋಜಕರಿಗೆ ಮಾತ್ರವೋ ಬಂದವರಿಗೂ ಇದೆಯೋ ನೋಡಿ. ನಿರಾಕರಿಸಿದರೆ ಮೇಲ್ಮನವಿ ಯಾರಿಗೆ, ಎಷ್ಟು ದಿನದೊಳಗೆ ತೀರ್ಮಾನ? ನಡಿಗೆಯ ದಿನ ಕಳೆದ ಮೇಲೆ ತೀರ್ಮಾನ ಬರುವಂತಿದ್ದರೆ ಆ ಮೇಲ್ಮನವಿ ಇದ್ದೂ ಇಲ್ಲದಂತೆ. ಕೊನೆಯಲ್ಲಿ "ಸರ್ಕಾರ ನಿಯಮ ರಚಿಸಬಹುದು" ಎಂಬ ಕಲಮಿಗೆ ಎಷ್ಟು ವಿಷಯ ಬಿಟ್ಟಿದ್ದಾರೆ ಎಂಬುದೂ ಮುಖ್ಯ.

ಇದು ಯುರೋಪಿನದೇ ರೋಗ ಎಂದುಕೊಳ್ಳಬೇಡಿ. ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಗೆ 2011ರಲ್ಲಿ 36ಎ ಎಂಬ ಕಲಂ ಸೇರಿಸಿ, ಹಿಜ್ರಾ ಸಮುದಾಯದವರ ಹೆಸರು-ವಿಳಾಸದ ರಿಜಿಸ್ಟರ್ ಇಡಲು, ಅವರ ಚಟುವಟಿಕೆ ನಿಯಂತ್ರಿಸಲು ಅವಕಾಶ ಕೊಟ್ಟಿದ್ದರು. ಸಮುದಾಯದವರು ಹೈಕೋರ್ಟಿಗೆ ಹೋದ ಮೇಲೆ ಆ ಪದ ತೆಗೆದು "ವ್ಯಕ್ತಿಗಳು" ಎಂದು ಬದಲಿಸಿದರು. ಚರ್ಚೆಯಲ್ಲಿ ಹಂಗೇರಿಗಿಂತ ಮೊದಲು ಇದನ್ನು ಹೇಳಿ.

ಇನ್ನೊಂದು, 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಕಾಲ್ತುಳಿತದಲ್ಲಿ ತೀರಿಕೊಂಡ ಮೇಲೆ ರಾಜ್ಯ ಸರ್ಕಾರ ಜನಸಂದಣಿ ನಿಯಂತ್ರಣ ಮಸೂದೆ ಮಂಡಿಸಿತು. ಕಾರಣ ನ್ಯಾಯವಾದದ್ದೇ. ಆದರೂ ಇಂಥ ಮಸೂದೆಯಲ್ಲಿ ಕ್ರಿಕೆಟ್ ಸಂಭ್ರಮಕ್ಕೂ 60 ಜನರ ನಡಿಗೆಗೂ ಒಂದೇ ತೂಕ ಬೀಳದಂತೆ ನೋಡಿಕೊಳ್ಳಬೇಕು. ಆಕ್ಷೇಪ ಇದ್ದರೆ ಕಲಂ ಸಂಖ್ಯೆ ಹಾಕಿ, ಬದಲಿಗೆ ಯಾವ ಪದ ಬೇಕು ಎಂದು ಬರೆದು, ಮಡಿಕೇರಿ ಮತ್ತು ವಿರಾಜಪೇಟೆಯ ಶಾಸಕರಿಬ್ಬರಿಗೂ ವಿಧಾನಸಭೆ ಕಾರ್ಯದರ್ಶಿಗೂ ಕಳಿಸಿ. ಎರಡು ಪುಟ ಸಾಕು. "ಈ ಮಸೂದೆ ಬೇಡ" ಎಂಬ ಒಂದು ಸಾಲಿನ ಪತ್ರ ಕಡತಕ್ಕೆ ಸೇರುತ್ತದೆ, ಅಷ್ಟೇ.

ಸಂಚಾಲಕ_ಕುಶಾಲನಗರ:

ಕಾನೂನು ಅವರಿಬ್ಬರೂ ಹೇಳಿದ್ದಾರೆ. ನೆಲದ ಮೇಲಿನ ಕೆಲಸ ನಾನು ಬರೆಯುತ್ತೇನೆ.

ಜೂನ್ ಬೇಡ. ಜಗತ್ತಿಗೆಲ್ಲ ಪ್ರೈಡ್ ತಿಂಗಳು ಜೂನ್ ಆದರೂ ನಮಗೆ ಅದು ಮುಂಗಾರು. ರೆಡ್ ಅಲರ್ಟ್ ಬಂದರೆ ವಿಪತ್ತು ನಿರ್ವಹಣಾ ಕಾಯ್ದೆ 2005ರ 34ನೇ ಕಲಮಿನಡಿ ಜಿಲ್ಲಾಡಳಿತಕ್ಕೆ ಸಂಚಾರ ನಿರ್ಬಂಧಿಸುವ ಅಧಿಕಾರ ಇದೆ. 2018ರ ಭೂಕುಸಿತದ ನಂತರ ಅದನ್ನು ಯಾರೂ ಪ್ರಶ್ನಿಸುವುದೂ ಇಲ್ಲ, ಪ್ರಶ್ನಿಸಬಾರದು ಕೂಡ. ಸೆಪ್ಟೆಂಬರ್ 6 ತೀರ್ಪಿನ ದಿನ ಎಂದು ಆಸೆಯಾಗುತ್ತದೆ, ಆದರೆ ಕೈಲ್‌ಪೊಳ್ದ್ ಹಬ್ಬದ ಆಸುಪಾಸು ಮಳೆ ಬಿಟ್ಟಿರುವುದಿಲ್ಲ. ಅಕ್ಟೋಬರಿನಲ್ಲಿ ದಸರಾ, ಕಾವೇರಿ ಸಂಕ್ರಮಣ ಎಂದು ಪೊಲೀಸರಿಗೆ ಬಿಡುವಿಲ್ಲ. ಟಿಪ್ಪು ಜಯಂತಿಯ ದಿನವಾದ ನವೆಂಬರ್ 10ರ ಹತ್ತಿರದ ವಾರ ಬಿಡಿ. 2015ರ ಗಲಭೆಯ ನಂತರ ಆ ದಿನಗಳು ಸೂಕ್ಷ್ಮ. ಡಿಸೆಂಬರಿನಲ್ಲಿ ಪುತ್ತರಿ ಹಬ್ಬದ ದಿನ ನೋಡಿಕೊಂಡು, ಇಲ್ಲವಾದರೆ ಜನವರಿಯಲ್ಲಿ ಇಡಿ. ವಾರಾಂತ್ಯವೂ ಬೇಡ, ಪ್ರವಾಸಿಗರ ಕಾರುಗಳಿಂದ ಮಡಿಕೇರಿ ಮುಖ್ಯರಸ್ತೆ ಉಸಿರಾಡುವುದಿಲ್ಲ. "ಸಂಚಾರಕ್ಕೆ ಅಡ್ಡಿ" ಎಂಬ ಒಂದು ಕಾರಣ ಸಾಕು ಅನುಮತಿ ನಿಲ್ಲಿಸಲು. ವಾರದ ನಡುವಿನ ದಿನ, ಬೆಳಿಗ್ಗೆ ಹತ್ತೂವರೆಯಿಂದ ಹನ್ನೊಂದೂವರೆ ಒಳ್ಳೆಯ ಹೊತ್ತು. ಮಂಜು ಕರಗಿರುತ್ತದೆ, ಶಾಲೆಯ ಗದ್ದಲ ಮುಗಿದಿರುತ್ತದೆ.

ಅರ್ಜಿ ಒಂದೇ ಪುಟ. ದಿನಾಂಕ, ಶುರು-ಮುಗಿಯುವ ಸಮಯ, ರಸ್ತೆಗಳ ಹೆಸರು ಸಮೇತ ಮಾರ್ಗ, ಅಂದಾಜು ಸಂಖ್ಯೆ, ಧ್ವನಿವರ್ಧಕ ಇದೆಯೋ ಇಲ್ಲವೋ, ಇಬ್ಬರು ಜವಾಬ್ದಾರರ ಹೆಸರು-ಫೋನ್. ಕೈಯಲ್ಲಿ ಬರೆದ ಮಾರ್ಗದ ನಕ್ಷೆ ಜೊತೆಗಿರಲಿ. 70 ಎಂದು ಬರೆದು 200 ಜನ ಬಂದರೆ ಮುಂದಿನ ವರ್ಷ ಯಾರೂ ನಂಬುವುದಿಲ್ಲ, 100 ಎಂದೇ ಬರೆಯಿರಿ. ಮೂಲ ಪ್ರತಿ ಎಸ್ಪಿ ಕಚೇರಿಗೆ. ನಗರ ಠಾಣೆಗೆ, ಉಪವಿಭಾಗಾಧಿಕಾರಿಗೆ ನಕಲು. ಮೈದಾನ ಬಳಸುವುದಕ್ಕೆ ನಗರಸಭೆಗೆ ಬೇರೆ ಅರ್ಜಿ. ಪ್ರತಿಯೊಂದರ ನಕಲಿನ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಸೀಲು ಹಾಕಲು ಹಿಂದೇಟು ಹಾಕಿದರೆ ಅಲ್ಲೇ ವಾದ ಬೇಡ, ಅಂದೇ ಸ್ಪೀಡ್ ಪೋಸ್ಟಿನಲ್ಲಿ, ತಲುಪಿದ ಪುರಾವೆ ಸಿಗುವಂತೆ ಕಳಿಸಿ.

ಧ್ವನಿವರ್ಧಕಕ್ಕೆ 2000ರ ಶಬ್ದಮಾಲಿನ್ಯ ನಿಯಮದಡಿ ಲಿಖಿತ ಅನುಮತಿ ಬೇಕು. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ ಕನಿಷ್ಠ 100 ಮೀಟರನ್ನು ಸರ್ಕಾರ ನಿಶ್ಶಬ್ದ ವಲಯ ಎಂದು ಘೋಷಿಸಬಹುದು. ಇಷ್ಟು ಚಿಕ್ಕ ಊರಿನಲ್ಲಿ ಆ ವಲಯ ತಪ್ಪಿಸಿ ಮೈಕ್ ಹಿಡಿದು ನಡೆಯುವುದು ಕಷ್ಟ. ನಡಿಗೆಯಲ್ಲಿ ಮೈಕ್ ಬಿಟ್ಟುಬಿಡಿ, ಒಂದು ಅನುಮತಿಯೂ ಉಳಿಯಿತು, ಒಂದು ಮೊಕದ್ದಮೆಯೂ ಉಳಿಯಿತು. ಪರೆ ಬಾರಿಸಿ, ಕೊಂಬು ಊದಿಸುವ ಆಸೆ ಇದ್ದರೆ ಅದನ್ನು ಸಭಾಂಗಣದ ಬಾಗಿಲಲ್ಲಿ ಇಟ್ಟುಕೊಳ್ಳಿ.

ಇಬ್ಬಿಬ್ಬರು ಸಾಲಾಗಿ ರಸ್ತೆಯ ಎಡಬದಿ ನಡೆಯಿರಿ. ಪ್ರತಿ ಹತ್ತು ಜನರಿಗೆ ಒಬ್ಬ ಸ್ವಯಂಸೇವಕ, ತೋಳಿಗೆ ಪಟ್ಟಿ. ವೃತ್ತದಲ್ಲಿ ನಿಂತು ಭಾಷಣ ಬೇಡ: ದಾರಿ ಕಟ್ಟಿದರೆ ನ್ಯಾಯ ಸಂಹಿತೆಯ 285ನೇ ಕಲಂ, ₹5,000ದವರೆಗೆ ದಂಡ. ಭಿತ್ತಿಪತ್ರಕ್ಕೆ ದಪ್ಪ ಕೋಲು ಹಾಕಬೇಡಿ. ರಟ್ಟಿಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಿ. ತಳ್ಳಾಟವಾದರೆ ಕೋಲು ಆಯುಧ ಎನಿಸಿಕೊಳ್ಳುತ್ತದೆ. ಇನ್ನೂ ಒಂದು ಮಾತು, ಕೆಲವರು ಕೊಡವರ ಸಾಂಪ್ರದಾಯಿಕ ಉಡುಪಾದ ಕುಪ್ಯಚೇಲೆ ತೊಟ್ಟು ಬರಬೇಕೆಂದಿರುತ್ತಾರೆ. ಬರಲಿ, ನೋಡಲು ಎಷ್ಟು ಚೆಂದ. ಪೀಚೆಕತ್ತಿ ಮಾತ್ರ ಮನೆಯಲ್ಲಿರಲಿ. ಕೋವಿಯ ಪರವಾನಗಿಗೆ ಕೊಡವರಿಗಿರುವ ವಿನಾಯಿತಿ ಬೇರೆ, "ಆಯುಧವಿಲ್ಲದೆ" ಎಂದು 19(1)(ಬಿ)ಯಲ್ಲಿರುವ ಷರತ್ತು ಬೇರೆ.

ಹೆಸರಿನ ಪ್ರಶ್ನೆ: ಇಬ್ಬರು ಜವಾಬ್ದಾರರ ವಿವರ ಸಾಕು. ಬರುವವರೆಲ್ಲರ ಪಟ್ಟಿ ಕೊಡಬೇಕೆಂಬ ಕಾನೂನು ಇಲ್ಲ. ನೀವೂ ಪಟ್ಟಿ ಮಾಡಿ ಇಟ್ಟುಕೊಳ್ಳಬೇಡಿ. ಇಲ್ಲದ ಪಟ್ಟಿ ಯಾರ ಕೈಗೂ ಸಿಗುವುದಿಲ್ಲ. ನಮ್ಮೂರುಗಳಲ್ಲಿ ಕ್ಯಾಮೆರಾಕ್ಕಿಂತ ವಾಟ್ಸ್ಆ್ಯಪ್ ಗುಂಪು ದೊಡ್ಡ ಅಪಾಯ. ಮುಖ ಕಾಣಬಾರದವರಿಗೆ ಒಂದೇ ಬಣ್ಣದ ಬಟ್ಟೆಪಟ್ಟಿ ಕೊಟ್ಟು, ಆ ಬಟ್ಟೆಪಟ್ಟಿ ಇರುವವರ ಫೋಟೋ ತೆಗೆಯಬೇಡಿ ಎಂದು ಪತ್ರಕರ್ತರಿಗೆ ಮೊದಲೇ ಹೇಳಿ. ರಸ್ತೆಯಲ್ಲಿ ಹೋಗುವ ಪ್ರವಾಸಿಗನ ಮೊಬೈಲ್ ತಡೆಯಲಾಗುವುದಿಲ್ಲ. ಹಾಗಾಗಿ ಅವರನ್ನು ನೇರವಾಗಿ ಸಭಾಂಗಣಕ್ಕೇ ಬರಲು ಹೇಳುವುದು ನನ್ನ ಸಲಹೆ. ಸಭಾಂಗಣ ಕಾಯ್ದಿರಿಸುವಾಗ ಕಾರ್ಯಕ್ರಮದ ನಿಜವಾದ ಹೆಸರು ಬರೆದು ರಸೀದಿ ತೆಗೆದುಕೊಳ್ಳಿ. "ಗೆಟ್ ಟುಗೆದರ್" ಎಂದು ಬರೆದರೆ ಹಿಂದಿನ ದಿನ ಒಂದು ಫೋನ್ ಕರೆ ಬಂದ ಕೂಡಲೇ ಮಾಲೀಕರು "ನಮಗೆ ಸುಳ್ಳು ಹೇಳಿದಿರಿ" ಎಂದು ಬೀಗ ಹಾಕುತ್ತಾರೆ. ಆಗ ನಿಮ್ಮ ಬಳಿ ಉತ್ತರ ಇರುವುದಿಲ್ಲ.

ಕಾಫಿಹೂ_ಮಡಿಕೇರಿ:

ತುಂಬಾ ಉಪಕಾರವಾಯಿತು. ಜನವರಿ ಎಂದೇ ಇಟ್ಟುಕೊಳ್ಳುತ್ತೇವೆ. ಇನ್ನೊಂದೇ ಪ್ರಶ್ನೆ ಮೇಡಂ: ಲಿಖಿತವಾಗಿ ಏನೂ ಕೊಡದೆ ಬಾಯಿಮಾತಿನಲ್ಲಿ "ಬೇಡ, ಮುಂದೆ ನೋಡೋಣ" ಎಂದರೆ? ಜವಾಬ್ದಾರರಿಗೆ ಹಳೆಯ 107ರ ನೋಟಿಸು ಬರಬಹುದು ಎಂದೂ ಹೆದರಿಸುತ್ತಿದ್ದಾರೆ.

ವಕೀಲೆ_ವಿರಾಜಪೇಟೆ:

ಬಾಯಿಮಾತಿನ "ಬೇಡ"ವನ್ನು ನೀವೇ ಬರಹಕ್ಕೆ ಇಳಿಸಿ. ಅಂದು ಸಂಜೆಯೇ ಪತ್ರ ಬರೆಯಿರಿ: "ಇಂದು ಇಷ್ಟು ಗಂಟೆಗೆ ತಮ್ಮ ಕಚೇರಿಯಲ್ಲಿ ಅನುಮತಿ ಇಲ್ಲವೆಂದು ಮೌಖಿಕವಾಗಿ ತಿಳಿಸಲಾಯಿತು. ಕಾರಣ ಸಹಿತ ಲಿಖಿತ ಆದೇಶ ದಯಪಾಲಿಸಬೇಕು." ಇದಕ್ಕೂ ಸೀಲು. ಹೈಕೋರ್ಟಿನಲ್ಲಿ ಮೊದಲು ಕೇಳುವುದು ಈ ಕಾಗದವನ್ನೇ.

107 ಈಗ ಸುರಕ್ಷಾ ಸಂಹಿತೆಯ 126ನೇ ಕಲಂ. ಅದು ಶಿಕ್ಷೆಯಲ್ಲ, ಶಾಂತಿ ಕಾಪಾಡುತ್ತೇನೆ ಎಂಬ ಮುಚ್ಚಳಿಕೆ, ಗರಿಷ್ಠ ಒಂದು ವರ್ಷಕ್ಕೆ. ತಹಶೀಲ್ದಾರರು ಕರೆದರೆ ಹೋಗಲೇಬೇಕು, ತಪ್ಪಿಸಿಕೊಳ್ಳಬೇಡಿ. ಆದರೆ 130ನೇ ಕಲಮಿನಂತೆ ಯಾವ ಮಾಹಿತಿಯ ಮೇಲೆ ನೋಟಿಸು, ಎಷ್ಟು ಮೊತ್ತ, ಎಷ್ಟು ಅವಧಿ ಎಂದು ಬರೆದಿರಬೇಕು. ಅದಿಲ್ಲದ ಅಚ್ಚು ಮಾಡಿದ ಫಾರಂ ಬಂದರೆ ಅಲ್ಲೇ ಲಿಖಿತ ಆಕ್ಷೇಪ ಕೊಡಿ, ಕೂಡಲೇ ಸಹಿ ಹಾಕಬೇಡಿ. ವಕೀಲರಿಗೆ ಹಣ ಇಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಸಹಾಯವಾಣಿ 15100.

163ರ ಆದೇಶ ಬಂದರೆ ಎರಡು ದಾರಿ. ಅದೇ ಕಲಮಿನ (5)ನೇ ಉಪಕಲಮಿನಡಿ ಜಿಲ್ಲಾಧಿಕಾರಿಗೇ ಆದೇಶ ರದ್ದು ಮಾಡಿ ಅಥವಾ ಬದಲಿಸಿ ಎಂದು ಅರ್ಜಿ ಹಾಕಬಹುದು. ಬೇಗ ಕೇಳಿಸಿಕೊಳ್ಳಬೇಕು, ತಿರಸ್ಕರಿಸಿದರೆ ಕಾರಣ ಬರೆಯಬೇಕು. "ನಡಿಗೆ ಬಿಡುತ್ತೇವೆ, ಸಭಾಂಗಣದ ಚರ್ಚೆಗೆ ಅಡ್ಡಿ ಇಲ್ಲವೆಂದು ಸ್ಪಷ್ಟಪಡಿಸಿ" ಎಂದು ಕೇಳಿದರೆ ಅರ್ಧವಾದರೂ ಉಳಿಯುತ್ತದೆ. ಎರಡನೆಯದು 226ನೇ ವಿಧಿಯಡಿ ರಿಟ್. ಕೊಡಗು ಬೆಂಗಳೂರಿನ ಪ್ರಧಾನ ಪೀಠದ ವ್ಯಾಪ್ತಿಗೆ ಬರುತ್ತದೆ. ಆದೇಶ ಇದ್ದಾಗ ಅದನ್ನು ಮೀರಿ ನಡೆಯಬೇಡಿ. ನ್ಯಾಯ ಸಂಹಿತೆಯ 223ನೇ ಕಲಮಿನಡಿ ಆರು ತಿಂಗಳವರೆಗೆ ಸಾದಾ ಸಜೆ, ₹2,500ವರೆಗೆ ದಂಡ ಅಥವಾ ಎರಡೂ ಆಗಬಹುದು, ಗಲಭೆಗೆ ಕಾರಣವಾದರೆ ಇನ್ನೂ ಹೆಚ್ಚು. ಆ ಕಲಮಿಗೆ ಬರಿಯ ಎಫ್‌ಐಆರ್ ಸಾಲದು, ಆದೇಶ ಹೊರಡಿಸಿದ ಅಧಿಕಾರಿ ಅಥವಾ ಅವರ ಮೇಲಧಿಕಾರಿ ಸುರಕ್ಷಾ ಸಂಹಿತೆಯ 215ರಂತೆ ಲಿಖಿತ ದೂರು ಕೊಟ್ಟರೆ ಮಾತ್ರ ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳುತ್ತದೆ ಎಂಬುದು ನಿಜ. ಆದರೆ ಮನೆಯಲ್ಲಿ ಹೇಳಿಕೊಳ್ಳದ ಹುಡುಗ-ಹುಡುಗಿಯರ ಹೆಸರು ಠಾಣೆಯ ಪುಸ್ತಕದಲ್ಲಿ ಬರುವುದೇ ಅವರಿಗೆ ಆಗುವ ದೊಡ್ಡ ನಷ್ಟ.

ಅದಕ್ಕೇ ಅರ್ಜಿಯನ್ನು 30 ದಿನ ಮೊದಲೇ ಕೊಡಿ. ಹತ್ತನೇ ದಿನ ಒಂದು ನೆನಪೋಲೆ. ಹದಿನೈದನೇ ದಿನದವರೆಗೂ ಉತ್ತರ ಬರದಿದ್ದರೆ ರಿಟ್ ಕರಡು ಸಿದ್ಧ ಮಾಡಿಸಿ. ಜನವರಿ ಎಂದರೆ ಹೈಕೋರ್ಟಿನ ಚಳಿಗಾಲದ ರಜೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ರಜೆಯಲ್ಲಿ ತುರ್ತು ವಿಷಯ ಮಾತ್ರ ರಜಾಕಾಲದ ಪೀಠದ ಮುಂದೆ ಬರುತ್ತದೆ. ತಿಂಗಳ ಮೂರನೇ ವಾರದ ದಿನ ಆರಿಸಿದರೆ ಆ ತೊಂದರೆ ಇರುವುದಿಲ್ಲ.